ಒಂದೇ ಅಂಕಿ, ನಾಲ್ಕು ತೀರ್ಪು

ಯರಗಟ್ಟಿಯ ಕಡೆಯ ಒಬ್ಬ ರೈತನನ್ನು ಊಹಿಸಿಕೊಳ್ಳಿ. ವಯಸ್ಸು ಐವತ್ತೆರಡು. ಕಬ್ಬು, ಗೋವಿನಜೋಳ ಬೆಳೆಯುವ ಒಕ್ಕಲುತನ. ಕಾಲಿಗೆ ಜಾಲಿಮುಳ್ಳು ಚುಚ್ಚಿ ಕೀವಾಯಿತೆಂದು ದವಾಖಾನೆಗೆ ಹೋಗುತ್ತಾನೆ. ಅಲ್ಲಿ ಕಾಲು ನೋಡುವ ಮೊದಲು ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ಅಳೆಯುತ್ತಾರೆ. ಚೀಟಿಯ ಮೇಲೆ ಬರೆದದ್ದು 136/86.

ಈಗ ಈ ಚೀಟಿಯನ್ನು ನಾಲ್ಕು ಕಡೆ ಕಳಿಸಿ ನೋಡೋಣ. ಅಮೆರಿಕದ ವೈದ್ಯರು ತಮ್ಮ ಪುಸ್ತಕ ತೆರೆದು, "ಏರುರಕ್ತದೊತ್ತಡ, ಮೊದಲನೆಯ ಹಂತ" ಎನ್ನುತ್ತಾರೆ. ಯುರೋಪಿನ ಹೃದ್ರೋಗ ತಜ್ಞರು, "ಒತ್ತಡ ಏರಿದೆ, ಆದರೆ ಇನ್ನೂ ಕಾಯಿಲೆಯಾಗಿಲ್ಲ" ಎನ್ನುತ್ತಾರೆ. ಇಂಗ್ಲೆಂಡಿನವರು, "ಕಾಯಿಲೆಯಿಲ್ಲ, ಆಗಾಗ ನೋಡಿಸಿಕೊಳ್ಳುತ್ತಿರಲಿ" ಎಂದು ಕಳಿಸಿಕೊಡುತ್ತಾರೆ. ನಮ್ಮ ದೇಶದ ತಜ್ಞರು 2019ರಲ್ಲಿ ಹೊರತಂದ ಕೈಪಿಡಿ, "ಸಹಜವೇ, ಆದರೆ ಮೇಲಂಚಿನ ಸಹಜ" ಎಂದು ಅದಕ್ಕೊಂದು ಹೆಸರು ಕೊಡುತ್ತದೆ.

ರೈತ ಅದೇ, ತೋಳು ಅದೇ, ರಕ್ತ ಅದೇ. ಸಮುದ್ರ ದಾಟಿದರೆ ಆರೋಗ್ಯವಂತ ರೋಗಿಯಾಗುವುದು ಹೇಗೆ? ಇವರಲ್ಲಿ ಯಾರೋ ಒಬ್ಬರು ಸುಳ್ಳು ಹೇಳುತ್ತಿರಬೇಕು ಎಂದು ಸಾಮಾನ್ಯರಿಗೆ ಅನ್ನಿಸುವುದು ಸಹಜ. "ಎಲ್ಲಾ ಗುಳಗಿ ಕಂಪನಿಯವ್ರ ಆಟರೀ ಸಾಹೇಬ್ರ" ಎನ್ನುವವರೂ ಇದ್ದಾರೆ. ಆದರೆ ಸಂಗತಿ ಅಷ್ಟು ಸರಳವಲ್ಲ. ಈ ಭಿನ್ನಾಭಿಪ್ರಾಯ ಹುಟ್ಟಿದ್ದು ಹೇಗೆಂದು ತಿಳಿದರೆ ನಮ್ಮ ಗುಳಿಗೆಯ ವಿಚಾರದಲ್ಲಿ ನಾವು ಎಲ್ಲಿ ಪಟ್ಟು ಹಿಡಿಯಬೇಕು, ಎಲ್ಲಿ ಸಡಿಲ ಬಿಡಬಹುದು ಎಂಬುದೂ ತಿಳಿಯುತ್ತದೆ.

ಅಳತೆ ಬಂತು, ಅರ್ಥ ಬರಲಿಲ್ಲ

ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ ಪಾದರಸದ ಕೊಳವೆಯಲ್ಲಿ ಒತ್ತಡ ಅಳೆಯುವ ಉಪಾಯವನ್ನು ಇಟಲಿಯ ರೀವಾ-ರೋಚ್ಚಿ 1896ರಲ್ಲಿ ತೋರಿಸಿದ. ಪಟ್ಟಿಯ ಕೆಳಗೆ ಕಿವಿಗೊಳವೆ ಇಟ್ಟು ಸಪ್ಪಳ ಆಲಿಸಿದರೆ ಮೇಲಿನದು, ಕೆಳಗಿನದು ಎರಡೂ ಅಂಕಿ ಸಿಗುತ್ತವೆ ಎಂದು ರಷ್ಯದ ಕೊರೊಟ್ಕಾಫ್ 1905ರಲ್ಲಿ ಹೇಳಿದ. ಹೃದಯ ಹಿಂಡಿದಾಗ ರಕ್ತ ಧಮನಿಯ ಗೋಡೆಯನ್ನು ಒತ್ತುವ ಬಲ ಮೇಲಿನ ಅಂಕಿ. ಹೃದಯ ಸಡಿಲಗೊಂಡಾಗ ಉಳಿಯುವ ಒತ್ತಡ ಕೆಳಗಿನ ಅಂಕಿ.

ಅಳೆಯಲು ಬಂತೇನೋ ಸರಿ, ಅದರ ಅರ್ಥವೇನೆಂದು ಮುಂದಿನ ನಾಲ್ಕೈದು ದಶಕ ವೈದ್ಯರಿಗೇ ಸರಿಯಾಗಿ ತಿಳಿಯಲಿಲ್ಲ. ವಯಸ್ಸಾದಂತೆ ಒತ್ತಡ ಏರುವುದು ದೇಹದ ಅಗತ್ಯ, ಅದನ್ನು ಇಳಿಸಹೋದರೆ ಮಿದುಳಿಗೂ ಮೂತ್ರಪಿಂಡಕ್ಕೂ ರಕ್ತ ಸಾಲದಾಗುತ್ತದೆ ಎಂದು ಅನೇಕ ಹಿರಿಯ ವೈದ್ಯರು ನಂಬಿದ್ದರು.

ಆ ನಂಬಿಕೆ ಎಷ್ಟು ದುಬಾರಿಯಾಯಿತೆಂಬುದಕ್ಕೆ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಕಥೆಯೇ ಸಾಕು. 1944ರ ಮಾರ್ಚಿನಲ್ಲಿ ಹೃದ್ರೋಗ ತಜ್ಞ ಬ್ರೂಯೆನ್ ಪರೀಕ್ಷಿಸಿದಾಗ ಅವರ ರಕ್ತದೊತ್ತಡ 186/108 ಇತ್ತು, ಹೃದಯ ಸೋಲತೊಡಗಿತ್ತು. ಉಪ್ಪು ಕಡಿಮೆ, ವಿಶ್ರಾಂತಿ, ಹೃದಯಕ್ಕೆ ಡಿಜಿಟಾಲಿಸ್: ಅಂದು ಕೊಡಲು ಇದ್ದದ್ದು ಇಷ್ಟೇ. 1945ರ ಏಪ್ರಿಲ್ 12ರಂದು ತಲೆಯ ಹಿಂಭಾಗದಲ್ಲಿ ಭಾರಿ ನೋವೆಂದು ಕುಸಿದಾಗ ಅವರ ಒತ್ತಡ 300/190. ಮಿದುಳಿನಲ್ಲಿ ರಕ್ತಸ್ರಾವವಾಗಿ ಅಂದೇ ತೀರಿಕೊಂಡರು. ವಯಸ್ಸು 63. ಮಹಾಯುದ್ಧ ನಡೆಸುತ್ತಿದ್ದ ದೇಶದ ಅಧ್ಯಕ್ಷನಿಗೆ ಅಂದು ಸಿಗದಿದ್ದ ಚಿಕಿತ್ಸೆ ಇಂದು ನಮ್ಮ ಸರಕಾರಿ ದವಾಖಾನೆಯ ಕಪಾಟಿನಲ್ಲಿದೆ.

ಇಲ್ಲಿ ನಮ್ಮವರ ಪಾಲನ್ನೂ ನೆನೆಯಬೇಕು. ಸರ್ಪಗಂಧದ ಬೇರು ರಕ್ತದೊತ್ತಡ ಇಳಿಸುತ್ತದೆಂದು ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಅದರ ಗುಣವನ್ನು ರೋಗಿಗಳ ಅಂಕಿಅಂಶದೊಡನೆ ಮಂಡಿಸಿದ ಮೇಲೆ ಲೋಕದ ಕಣ್ಣು ತೆರೆಯಿತು. ಆ ಬೇರಿನಿಂದ ತೆಗೆದ ರೆಸರ್ಪಿನ್ ಹಲವು ವರ್ಷ ಮುಖ್ಯ ಔಷಧವಾಗಿತ್ತು. ಮಂಕು, ಖಿನ್ನತೆ ತರುತ್ತದೆಂಬ ಕಾರಣಕ್ಕೆ ಮುಂದೆ ಹಿಂದೆ ಸರಿಯಿತು.

ಗೆರೆ ಎಳೆದವರು ಯಾರು?

ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಲ್ಲಿ 5,209 ಮಂದಿಯನ್ನು ಸೇರಿಸಿಕೊಂಡು, ವರ್ಷಾನುಗಟ್ಟಲೆ ಅವರ ಬೆನ್ನುಹತ್ತಿ ಯಾರಿಗೆ ಹೃದಯಾಘಾತವಾಯಿತು, ಯಾರಿಗೆ ಲಕ್ವಾ ಹೊಡೆಯಿತು ಎಂದು ಬರೆದಿಟ್ಟರು. ಒತ್ತಡ ಹೆಚ್ಚಿದ್ದವರೇ ಹೆಚ್ಚು ಬಿದ್ದರು. 1967ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಅಧ್ಯಯನ, ಕೆಳಗಿನ ಅಂಕಿ 115ರಿಂದ 129ರವರೆಗೆ ಇದ್ದವರಿಗೆ ಗುಳಿಗೆ ಕೊಟ್ಟರೆ ಅನಾಹುತ ಎದ್ದುಕಾಣುವಂತೆ ತಗ್ಗುತ್ತದೆ ಎಂದು ಸಾಬೀತುಮಾಡಿತು. ಇಳಿಸಿದರೆ ಅಪಾಯ ಎಂಬ ಹಳೆಯ ವಾದ ಅಲ್ಲಿಗೆ ಮುಗಿಯಿತು.

ಹಾಗಾದರೆ ಎಷ್ಟರಿಂದ ಅಪಾಯ ಶುರು? ಇದಕ್ಕೆ 2002ರಲ್ಲಿ ದೊಡ್ಡ ಉತ್ತರ ಬಂತು. 61 ಅಧ್ಯಯನಗಳ ಸುಮಾರು ಹತ್ತು ಲಕ್ಷ ಜನರ ಲೆಕ್ಕ ಒಟ್ಟು ಹಾಕಿದಾಗ ಕಂಡದ್ದು ಇದು: 40ರಿಂದ 69 ವಯಸ್ಸಿನವರಲ್ಲಿ ಮೇಲಿನ ಅಂಕಿ 115ರಿಂದ ಆಚೆಗೆ 20 ಏರಿದಾಗಲೆಲ್ಲ ಹೃದಯಾಘಾತ, ಪಾರ್ಶ್ವವಾಯುಗಳಿಂದ ಸಾಯುವ ಸಂಭವ ಇಮ್ಮಡಿಯಾಗುತ್ತದೆ. 135ಕ್ಕೆ ಎರಡು ಪಟ್ಟು, 155ಕ್ಕೆ ನಾಲ್ಕು ಪಟ್ಟು. ನಡುವೆ ಎಲ್ಲಿಯೂ "ಇಲ್ಲಿಯವರೆಗೆ ಕ್ಷೇಮ, ಇಲ್ಲಿಂದ ಕಾಯಿಲೆ" ಎಂಬ ಮೆಟ್ಟಿಲಿಲ್ಲ. ಇಳಿಜಾರು ಮಾತ್ರ ಇದೆ.

ಅಂದರೆ ಗೆರೆ ಪ್ರಕೃತಿ ಎಳೆದದ್ದಲ್ಲ, ಮನುಷ್ಯರು ಎಳೆದದ್ದು. ಎಲ್ಲಿಂದ ಆಚೆಗೆ ಗುಳಿಗೆಯ ಲಾಭ ಅದರ ತೊಂದರೆಗಿಂತ, ಖರ್ಚಿಗಿಂತ ಹೆಚ್ಚಾಗುತ್ತದೆಯೋ ಅಲ್ಲಿ ಗೆರೆ ಎಳೆಯಬೇಕು. ಲಾಭವನ್ನು ಹೇಗೆ ತೂಗುತ್ತೀರಿ, ತೊಂದರೆಯನ್ನು ಹೇಗೆ ತೂಗುತ್ತೀರಿ, ದುಡ್ಡು ಯಾರ ಜೇಬಿನದು ಎಂಬುದರ ಮೇಲೆ ಗೆರೆ ಸರಿಯುತ್ತದೆ.

ಮಲಪ್ರಭೆಯ ದಂಡೆಯ ಲೆಕ್ಕ

ನಮ್ಮ ಕಡೆಯ ಒಂದು ಉದಾಹರಣೆ ತೆಗೆದುಕೊಳ್ಳೋಣ. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ಆಣೆಕಟ್ಟಿನಿಂದ ನೀರು ಬಿಟ್ಟಾಗ ರಾಮದುರ್ಗದ ಕಡೆಯ ಹೊಳೆದಂಡೆಯ ಊರುಗಳು ಮುಳುಗಿದವು. ಅದೇ ಹೊಳೆ, ಅದೇ ನೀರು. ಆದರೆ ದಿನ್ನೆಯ ಮೇಲಿನ ಮನೆಯವರು ಮಾಳಿಗೆಯಿಂದ ನೋಡುತ್ತಿದ್ದರು, ದಂಡೆಯವರು ದನಕರು ಬಿಚ್ಚಿಕೊಂಡು ಓಡಬೇಕಾಯಿತು. ಎಷ್ಟು ನೀರು ಬಂದರೆ ಮನೆ ಬಿಡಬೇಕು ಎಂದು ಕೇಳಿದರೆ, ನಿಮ್ಮ ಮನೆ ಎಲ್ಲಿದೆ ಎಂಬ ಮರುಪ್ರಶ್ನೆ ಬರುವುದಿಲ್ಲವೇ?

ರಕ್ತದೊತ್ತಡವೂ ಹಾಗೆಯೇ. 136 ಎಂಬುದು ನೀರಿನ ಮಟ್ಟ. ಒಮ್ಮೆ ಹೃದಯಾಘಾತ ಆದವನು, ಸಕ್ಕರೆ ಕಾಯಿಲೆಯವನು, ಮೂತ್ರಪಿಂಡ ಸೊರಗಿದವನು, ಬೀಡಿ ತಂಬಾಕು ಬಿಡದವನು, ವಯಸ್ಸಾದವನು ದಂಡೆಯ ಮನೆಯವರು. ಇವು ಯಾವುವೂ ಇಲ್ಲದ ಮೂವತ್ತೈದರ ಹೆಣ್ಣುಮಗಳು ದಿನ್ನೆಯ ಮೇಲಿದ್ದಾಳೆ. ಇಬ್ಬರಿಗೂ ಒಂದೇ ಅಂಕಿ ಬಂದರೂ ಚಿಕಿತ್ಸೆ ಒಂದೇ ಆಗಬೇಕಿಲ್ಲ. ಇತ್ತೀಚಿನ ಬಹುತೇಕ ಕೈಪಿಡಿಗಳು ಒಪ್ಪಿಕೊಂಡ ತತ್ವ ಇದು: ಬರಿಯ ಅಂಕಿಗೆ ಮದ್ದು ಕೊಡಬೇಡಿ, ಮುಂದಿನ ಹತ್ತು ವರ್ಷದಲ್ಲಿ ಈ ಮನುಷ್ಯನಿಗೆ ಹೃದಯಾಘಾತವೋ ಪಾರ್ಶ್ವವಾಯುವೋ ಆಗುವ ಸಂಭವ ಎಷ್ಟು ಎಂದು ಲೆಕ್ಕ ಹಾಕಿ.

ಅಮೆರಿಕ ಗೆರೆ ಇಳಿಸಿದ್ದೇಕೆ?

2015ರಲ್ಲಿ ಸ್ಪ್ರಿಂಟ್ ಎಂಬ ಅಧ್ಯಯನದ ಫಲಿತಾಂಶ ಬಂತು. ಐವತ್ತು ದಾಟಿದ, ಹೃದಯದ ಅಪಾಯ ಹೆಚ್ಚಿರುವ, ಆದರೆ ಸಕ್ಕರೆ ಕಾಯಿಲೆಯಿಲ್ಲದ 9,361 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೇಲಿನ ಅಂಕಿ 140ರ ಕೆಳಗೆ, ಇನ್ನೊಂದಕ್ಕೆ 120ರ ಕೆಳಗೆ ಎಂಬ ಗುರಿ. ಬಿಗಿ ಗುರಿಯ ಗುಂಪಿನಲ್ಲಿ ಹೃದಯ, ರಕ್ತನಾಳಗಳ ಅನಾಹುತ ಶೇಕಡಾ 25ರಷ್ಟು, ಒಟ್ಟು ಸಾವು ಶೇಕಡಾ 27ರಷ್ಟು ಕಡಿಮೆಯಾದವು. ಲಾಭ ಇಷ್ಟು ಸ್ಪಷ್ಟವಾದ ಮೇಲೆ ಅಧ್ಯಯನವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು.

ಇದೇ ಫಲಿತಾಂಶವನ್ನು ಇನ್ನೊಂದು ಬಗೆಯಲ್ಲೂ ಹೇಳಬಹುದು. ಸಡಿಲ ಗುರಿಯ ಗುಂಪಿನಲ್ಲಿ ವರ್ಷಕ್ಕೆ ನೂರು ಜನರಲ್ಲಿ 2.19 ಮಂದಿಗೆ ಅನಾಹುತವಾದರೆ, ಬಿಗಿ ಗುರಿಯ ಗುಂಪಿನಲ್ಲಿ 1.65 ಮಂದಿಗೆ ಆಯಿತು. ಮೂರು ವರ್ಷಕ್ಕೂ ತುಸು ಹೆಚ್ಚು ಕಾಲ 61 ಜನರಿಗೆ ಬಿಗಿ ಚಿಕಿತ್ಸೆ ಕೊಟ್ಟರೆ ಒಬ್ಬರ ಅನಾಹುತ ತಪ್ಪುತ್ತದೆ. ಅದಕ್ಕಾಗಿ ಸರಾಸರಿ ಇನ್ನೊಂದು ಗುಳಿಗೆ ಹೆಚ್ಚು ನುಂಗಬೇಕಾಯಿತು. ಒತ್ತಡ ಅತಿಯಾಗಿ ಕುಸಿಯುವುದು, ತಲೆಸುತ್ತಿ ಬೀಳುವುದು, ಲವಣಾಂಶ ಏರುಪೇರಾಗುವುದು, ಮೂತ್ರಪಿಂಡಕ್ಕೆ ತಾತ್ಕಾಲಿಕ ಪೆಟ್ಟು ಇವೂ ಆ ಗುಂಪಿನಲ್ಲೇ ಹೆಚ್ಚು. "ಶೇಕಡಾ 25 ಕಡಿಮೆ" ಎಂಬುದೂ ನಿಜ, "61ರಲ್ಲಿ ಒಬ್ಬರಿಗೆ" ಎಂಬುದೂ ನಿಜ. ಒಂದನ್ನು ಮಾತ್ರ ಕೇಳಿದವನಿಗೆ ಅರ್ಧ ಸುದ್ದಿ ಸಿಕ್ಕಂತೆ.

ಈ ಅಧ್ಯಯನ ಮತ್ತು ಇತರ ಪುರಾವೆಗಳ ಬಲದ ಮೇಲೆ ಅಮೆರಿಕದ ಹೃದ್ರೋಗ ಸಂಸ್ಥೆಗಳು 2017ರ ನವೆಂಬರಿನಲ್ಲಿ ಗೆರೆಯನ್ನು 140/90ರಿಂದ 130/80ಕ್ಕೆ ಇಳಿಸಿದವು. ಅಮೆರಿಕದ ವಯಸ್ಕರಲ್ಲಿ ಏರುರಕ್ತದೊತ್ತಡ ಇರುವವರು ಶೇಕಡಾ 32 ಇದ್ದದ್ದು ಒಂದೇ ಏಟಿಗೆ 46 ಆಯಿತು! ಆದರೆ ಹೊಸದಾಗಿ ರೋಗಿಗಳೆನಿಸಿಕೊಂಡವರಲ್ಲಿ ಹೆಚ್ಚಿನವರಿಗೆ ಅವರೂ ಹೇಳಿದ್ದು ಗುಳಿಗೆಯಲ್ಲ. ಉಪ್ಪು, ತೂಕ, ನಡಿಗೆಯ ಪಥ್ಯ. ಅದೇ ದೇಶದ ಕುಟುಂಬ ವೈದ್ಯರ ಸಂಘ ಈ ಹೊಸ ಗೆರೆಗೆ ಒಪ್ಪಿಗೆ ಕೊಡಲಿಲ್ಲ. ಸಾಮಾನ್ಯ ಜನರಿಗೆ 140/90ರ ಗುರಿಯೇ ಸಾಕು ಎಂದು ಅವರು 2022ರಲ್ಲಿ ಮತ್ತೆ ಹೇಳಿದರು. ಹೃದಯಾಘಾತವಾದವರನ್ನೇ ದಿನವೂ ನೋಡುವ ತಜ್ಞರಿಗೆ ಒಂದು ಬಗೆ ಕಂಡರೆ, ಗುಳಿಗೆ ಹೆಚ್ಚಾಗಿ ತಲೆಸುತ್ತಿ ಬಿದ್ದ ಅಜ್ಜಿಯನ್ನು ನೋಡುವ ಮನೆವೈದ್ಯರಿಗೆ ಇನ್ನೊಂದು ಬಗೆ ಕಾಣುತ್ತದೆ.

ಸಕ್ಕರೆ ಕಾಯಿಲೆಯವರ ವಿಷಯದಲ್ಲಿ ಇದೇ ಜಗಳ ಬೇರೆ ರೀತಿ ನಡೆಯಿತು. 2010ರಲ್ಲಿ 4,733 ಮಂದಿಯ ಮೇಲೆ ನಡೆದ ಅಕಾರ್ಡ್ ಅಧ್ಯಯನದಲ್ಲಿ 120ರ ಗುರಿಯಿಂದ ಪಾರ್ಶ್ವವಾಯು ತಗ್ಗಿತೇ ಹೊರತು ಒಟ್ಟಾರೆ ಲಾಭ ಖಚಿತವಾಗಲಿಲ್ಲ. 2024ರಲ್ಲಿ ಚೀನಾದಲ್ಲಿ 12,821 ಮಂದಿ ಮಧುಮೇಹಿಗಳ ಅಧ್ಯಯನ ಅದೇ ಗುರಿಯಿಂದ ಅನಾಹುತ ಐದರಲ್ಲೊಂದು ಪಾಲು ತಗ್ಗಿತೆಂದು ತೋರಿಸಿತು. ಹೀಗೆ ಪುರಾವೆ ಬೆಳೆದಂತೆ ಗೆರೆ ಕೆಳಗೆ ಸರಿಯುತ್ತಿರುವುದು ನಿಜ.

ಯಾರು ಏನು ಹೇಳುತ್ತಾರೆ?

ಓದುಗರ ಅನುಕೂಲಕ್ಕೆ ಮುಖ್ಯ ಕೈಪಿಡಿಗಳ ಸಾರ ಇಲ್ಲಿದೆ.

ಅಮೆರಿಕ (2017, ಮತ್ತೆ 2025): 130/80 ದಾಟಿದರೆ ಕಾಯಿಲೆ. ಹೃದ್ರೋಗ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಅಥವಾ ಹೆಚ್ಚಿನ ಅಪಾಯ ಇದ್ದರೆ ಆಗಲೇ ಗುಳಿಗೆ. ಇಲ್ಲದವರಿಗೆ ಮೊದಲು ಪಥ್ಯ. ಮೂರರಿಂದ ಆರು ತಿಂಗಳಲ್ಲಿ ಇಳಿಯದಿದ್ದರೆ ಗುಳಿಗೆ ಎಂಬುದು 2025ರ ಸೇರ್ಪಡೆ. ಗುರಿ 130/80ರ ಕೆಳಗೆ.

ಯುರೋಪಿನ ಹೃದ್ರೋಗ ತಜ್ಞರ ಸಂಘ (2024): ಕಾಯಿಲೆಯ ಗೆರೆ 140/90. ಆದರೆ 120/70ರಿಂದ ಅಲ್ಲಿಯವರೆಗೆ "ಏರಿದ ಒತ್ತಡ" ಎಂಬ ಹೊಸ ಕಟ್ಟೆ. ಅದರಲ್ಲಿ 130/80 ದಾಟಿದ, ಅಪಾಯ ಹೆಚ್ಚಿರುವವರಿಗೆ ಮೂರು ತಿಂಗಳ ಪಥ್ಯ ಸಾಲದಿದ್ದರೆ ಗುಳಿಗೆ. ತಡೆದುಕೊಳ್ಳುವವರಿಗೆ ಗುರಿ 120-129.

ಇಂಗ್ಲೆಂಡ್ (2019): ದವಾಖಾನೆಯಲ್ಲಿ 140/90 ಕಂಡರೂ ಮನೆಯಲ್ಲೋ, ದಿನವಿಡೀ ಧರಿಸುವ ಯಂತ್ರದಲ್ಲೋ ಅಳೆದು 135/85 ಇದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಕಾಯಿಲೆಯ ಹೆಸರು. ಗುರಿ 140/90ರ ಕೆಳಗೆ. ಎಂಬತ್ತು ದಾಟಿದವರಿಗೆ 150/90.

ವಿಶ್ವ ಆರೋಗ್ಯ ಸಂಸ್ಥೆ (2021): 140/90ಕ್ಕೆ ಗುಳಿಗೆ. ಹೃದ್ರೋಗ ಇದ್ದವರಿಗೆ ಮೇಲಿನ ಅಂಕಿ 130 ಆದಾಗಲೇ. ಗುರಿ ಸಾಮಾನ್ಯರಿಗೆ 140/90ರ ಕೆಳಗೆ, ಹೃದ್ರೋಗಿಗಳಿಗೆ 130ರ ಕೆಳಗೆ.

ಭಾರತ (2019ರ ತಜ್ಞರ ಕೈಪಿಡಿ): ಕಾಯಿಲೆಯ ಗೆರೆ 140/90. 130-139 ಅಥವಾ 85-89 ಮೇಲಂಚಿನ ಸಹಜ.

ಇಟ್ಟು ನೋಡಿದರೆ ಜಗಳ ಇರುವುದು 130ರಿಂದ 139ರ ಸಣ್ಣ ಪಟ್ಟಿಯಲ್ಲಿ ಮಾತ್ರ. ಅದರಲ್ಲೂ ಹೃದ್ರೋಗ ಇದ್ದವರ ವಿಷಯಕ್ಕೆ ಬಂದರೆ ಅಮೆರಿಕ, ಯುರೋಪು, ವಿಶ್ವ ಆರೋಗ್ಯ ಸಂಸ್ಥೆ ಮೂವರ ದನಿಯೂ ಹೆಚ್ಚುಕಡಿಮೆ ಒಂದೇ.

ಅಳತೆಯೇ ತಪ್ಪಿದರೆ?

ಈ ಸಣ್ಣ ಪಟ್ಟಿಯ ಜಗಳಕ್ಕಿಂತ ದೊಡ್ಡ ವ್ಯತ್ಯಾಸ ಅಳೆಯುವ ಬಗೆಯಲ್ಲೇ ಆಗಿಹೋಗುತ್ತದೆ. ಸ್ಪ್ರಿಂಟ್ ಅಧ್ಯಯನದಲ್ಲಿ ಐದು ನಿಮಿಷ ಸುಮ್ಮನೆ ಕೂರಿಸಿ, ತಾನೇ ಅಳೆಯುವ ಯಂತ್ರದಿಂದ ಮೂರು ಸಲ ಅಳೆದು ಸರಾಸರಿ ತೆಗೆದಿದ್ದರು. ನಮ್ಮಲ್ಲಿ? ಬಸ್ಸಿನಿಂದ ಇಳಿದು ಓಡೋಡಿ ಬಂದು, ಪಾಳಿಯಲ್ಲಿ ನಿಂತು, ಪಕ್ಕದವರೊಡನೆ ಹತ್ತಿಯ ದರದ ಮಾತಾಡುತ್ತಲೇ ಅಂಗಿಯ ತೋಳಿನ ಮೇಲೆ ಪಟ್ಟಿ ಸುತ್ತಿಸಿಕೊಳ್ಳುತ್ತೇವೆ. ಹಾಗೆ ಬಂದ 140ನ್ನು ಅಲ್ಲಿಯ 140ರೊಡನೆ ಹೋಲಿಸುವುದು ಬಳ್ಳದ ಅಳತೆಯನ್ನು ಸೇರಿನೊಡನೆ ಹೋಲಿಸಿದಂತೆ.

ತೋಳನ್ನು ಮೇಜಿನ ಮೇಲೆ ಹೃದಯದ ಮಟ್ಟಕ್ಕೆ ಇಡದೆ ಪಕ್ಕಕ್ಕೆ ಜೋತುಬಿಟ್ಟರೆ ಮೇಲಿನ ಅಂಕಿ ಆರೂವರೆಯಷ್ಟು ಹೆಚ್ಚು ತೋರುತ್ತದೆಂದು 2024ರ ಅಧ್ಯಯನವೊಂದು ಅಳೆದು ಹೇಳಿದೆ. 134ನ್ನು 140 ಮಾಡಲು ಅಷ್ಟೇ ಸಾಕು! ದಪ್ಪ ತೋಳಿಗೆ ಸಣ್ಣ ಪಟ್ಟಿ, ತುಂಬಿದ ಮೂತ್ರಕೋಶ, ಆಗತಾನೇ ಕುಡಿದ ಚಹಾ, ಬಾಯಲ್ಲಿರುವ ತಂಬಾಕು, ಅಳೆಯುವಾಗ ಆಡುವ ಮಾತು ಎಲ್ಲವೂ ಅಂಕಿ ಏರಿಸುತ್ತವೆ. ವೈದ್ಯರನ್ನು ಕಂಡರೇ ಒತ್ತಡ ಏರುವವರು ಬಹಳ ಮಂದಿ. ಆದ್ದರಿಂದ ಸರಿಯಾಗಿ ಕೂತು, ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೂರಿ, ಐದು ನಿಮಿಷ ಮೌನವಾಗಿದ್ದು, ಬರಿ ತೋಳಿನ ಮೇಲೆ ಎರಡು ಸಲ ಅಳೆಸಿರಿ. ಬೇರೆ ಬೇರೆ ದಿನ ಅಳೆಸಿರಿ. ಅಂಕಿ ತೀರಾ ಹೆಚ್ಚಿಲ್ಲದಿದ್ದರೆ, ಎದೆನೋವು, ಉಸಿರುಕಟ್ಟುವುದು ಇಲ್ಲದಿದ್ದರೆ, ಒಂದು ದಿನದ ಅಂಕಿಯ ಮೇಲೆ ಜೀವನಪರ್ಯಂತದ ಗುಳಿಗೆ ಶುರುಮಾಡಬೇಕಿಲ್ಲ.

ಇನ್ನೊಂದು ಮಾತು. ಮೈಕೈನೋವಿಗೆಂದು ಅಂಗಡಿಯಿಂದ ತಾವೇ ತಂದು ನುಂಗುವ ನೋವಿನ ಗುಳಿಗೆಗಳಲ್ಲಿ ಹಲವು ಒತ್ತಡ ಏರಿಸುತ್ತವೆ, ಮೂತ್ರಪಿಂಡವನ್ನೂ ಕೆಡಿಸುತ್ತವೆ. ಹೊಲದ ಕೆಲಸದವರು ಇದನ್ನು ವೈದ್ಯರಿಗೆ ಹೇಳಲು ಮರೆಯಬಾರದು.

ಯರಗಟ್ಟಿಗೆ ಯಾವ ಪುಸ್ತಕ?

ಈಗ ನಮ್ಮ ಊರಿನ ಮಾತಿಗೆ ಬರೋಣ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರ ಮುಂದಾಳತ್ವದಲ್ಲಿ ದೇಶದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೃದಯಾಘಾತದ ರೋಗಿಗಳ ದಾಖಲೆ ಸಂಗ್ರಹಿಸಿ 2008ರಲ್ಲಿ ಪ್ರಕಟಿಸಿದರು. ಅವರ ಸರಾಸರಿ ವಯಸ್ಸು 57 ಚಿಲ್ಲರೆ. ಎದೆನೋವು ಶುರುವಾದ ಮೇಲೆ ಆಸ್ಪತ್ರೆ ಮುಟ್ಟಲು ಅರ್ಧಕ್ಕರ್ಧ ಮಂದಿಗೆ ಆರು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಹಿಡಿದಿತ್ತು. ಯರಗಟ್ಟಿ ಈಗ ತಾಲ್ಲೂಕು ಕೇಂದ್ರವೇನೋ ಹೌದು. ಆದರೆ ಹೃದಯದ ದೊಡ್ಡ ಆಸ್ಪತ್ರೆಗೆ ಬೆಳಗಾವಿಯೋ ಧಾರವಾಡ-ಹುಬ್ಬಳ್ಳಿಯೋ ಗತಿ. ಹೊಲದ ಮನೆಯಲ್ಲಿ ನಡುರಾತ್ರಿ ಎದೆ ಹಿಡಿದುಕೊಂಡವನಿಗೆ ಆ ದಾರಿ ಬಲು ಉದ್ದ. ಆಸ್ಪತ್ರೆ ದೂರವಿದ್ದಷ್ಟೂ ಮುಂಜಾಗ್ರತೆಯ ಬೆಲೆ ಹೆಚ್ಚು.

ಆದರೆ ಇಲ್ಲಿನ ನಿಜವಾದ ತೊಂದರೆ 130ಕ್ಕೆ ಕೊಡಬೇಕೋ 140ಕ್ಕೆ ಕೊಡಬೇಕೋ ಎಂಬುದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಭಾರತದಲ್ಲಿ ಏರುರಕ್ತದೊತ್ತಡ ಇರುವ ನೂರು ಮಂದಿಯಲ್ಲಿ ಅದು ಇದೆಯೆಂದು ತಿಳಿದವರು 37, ಗುಳಿಗೆ ನುಂಗುವವರು 30, ಹಿಡಿತದಲ್ಲಿರುವವರು 15. ಇದು 140/90ರ ಹಳೆಯ, ಉದಾರ ಗೆರೆಯ ಲೆಕ್ಕ. ಆ ಗೆರೆಯ ಒಳಗೇ 85 ಮಂದಿಯನ್ನು ತರಲಾಗದೆ ಗೆರೆಯನ್ನು ಇನ್ನೂ ಕೆಳಗೆ ಎಳೆದು ಏನು ಮಾಡುವುದು? ಊರಿನ ಅರ್ಧ ಮಂದಿಗೆ ಕಾಯಿಲೆಯ ಚೀಟಿ ಅಂಟಿಸಿದರೆ, 170 ಇರುವ ಮುದುಕನಿಗೆ ಸಿಗಬೇಕಾದ ವೈದ್ಯರ ಹೊತ್ತು 132 ಇರುವ ಹುಡುಗನ ಪಾಲಾಗುತ್ತದೆ. ನಮ್ಮ ತಜ್ಞರು 140/90ಕ್ಕೆ ಅಂಟಿಕೊಂಡದ್ದು ಈ ದೃಷ್ಟಿಯಿಂದ ಸರಿಯೆಂದೇ ನನ್ನ ಅಭಿಪ್ರಾಯ. ಹೃದ್ರೋಗವೋ ಸಕ್ಕರೆ ಕಾಯಿಲೆಯೋ ಇದ್ದವರಿಗೆ ಮಾತ್ರ ಈ ಉದಾರತೆ ಸಲ್ಲದು.

ಗುಳಿಗೆ ಬಿಡುವುದೇಕೆ? ಈ ಕಾಯಿಲೆಗೆ ನೋವಿಲ್ಲ. "ತಲಿ ನೂಸೂದಿಲ್ಲ, ಕಣ್ಣಿಗೆ ಕತ್ಲಿ ಬರೂದಿಲ್ಲ, ಮತ್ಯಾಕ್ರಿ ಗುಳಗಿ?" ಎಂಬ ಪ್ರಶ್ನೆ ಪ್ರತಿ ದವಾಖಾನೆಯಲ್ಲೂ ಕೇಳಿಬರುತ್ತದೆ. ತಿಂಗಳು ನುಂಗಿ ಅಂಕಿ 130ಕ್ಕೆ ಬಂದಿತೆಂದರೆ "ಬಿಪಿ ಹೋತು" ಎಂದು ಬಿಟ್ಟುಬಿಡುವವರೂ ಉಂಟು. ಬಿಪಿ ಹೋಗಿರುವುದಿಲ್ಲ, ಗುಳಿಗೆ ಅದನ್ನು ಅದುಮಿ ಹಿಡಿದಿರುತ್ತದೆ. ಕೈಬಿಟ್ಟರೆ ಮತ್ತೆ ಏಳುತ್ತದೆ. ಸುಗ್ಗಿಯ ಕಾಲದಲ್ಲಿ, ಎಲ್ಲಮ್ಮನ ಜಾತ್ರೆಯ ದಿನಗಳಲ್ಲಿ, ಮದುವೆ ಓಡಾಟದಲ್ಲಿ ಗುಳಿಗೆ ತಪ್ಪುವುದು ಹೆಚ್ಚು. ಲಕ್ವಾ ಹೊಡೆದ ಮೇಲೆ ಉಳಿಯುವುದು ಹಾಸಿಗೆ ಹಿಡಿದ ಯಜಮಾನ, ಹೊಲ ಬಿಟ್ಟು ಅವನ ಸೇವೆಗೆ ನಿಂತ ಮಗಳೋ ಸೊಸೆಯೋ, ಸಾಲದ ಪತ್ರ.

ಇದಕ್ಕೆ ಮದ್ದು ದೊಡ್ಡ ಆಸ್ಪತ್ರೆಯಲ್ಲಿಲ್ಲ. ಕೇಂದ್ರ ಸರಕಾರ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ವಿಶ್ವ ಆರೋಗ್ಯ ಸಂಸ್ಥೆಗಳು ಸೇರಿ 2017ರ ಕೊನೆಯಲ್ಲಿ ಆರಂಭಿಸಿದ ರಕ್ತದೊತ್ತಡ ನಿಯಂತ್ರಣ ಯೋಜನೆ ಮಾಡಿದ ಕೆಲಸ ಬಹಳ ಸರಳ. ಒಂದೇ ಬಗೆಯ, ಯಾರಿಗೂ ಅರ್ಥವಾಗುವ ಚಿಕಿತ್ಸಾಕ್ರಮ. ಔಷಧ ತಪ್ಪದೆ ಸರಬರಾಜು. ತಿಂಗಳಿಗೊಮ್ಮೆ ಮನೆಗೆ ಹತ್ತಿರದಲ್ಲೇ ಗುಳಿಗೆ. ಬಾರದವರನ್ನು ಹುಡುಕಿ ಕರೆಯುವುದು. ಈ ಕೆಲಸಕ್ಕೆ 2022ರಲ್ಲಿ ವಿಶ್ವಸಂಸ್ಥೆಯ ಪ್ರಶಸ್ತಿಯೂ ಬಂತು. ಮೂವತ್ತು ದಾಟಿದ ಪ್ರತಿಯೊಬ್ಬರದೂ ಒಂದು ನಮೂನೆಯನ್ನು ಆಶಾ ಕಾರ್ಯಕರ್ತೆಯರು ತುಂಬುತ್ತಾರೆ. ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ದುಡಿಮೆ, ಮನೆತನದ ಕಾಯಿಲೆ ಇವಕ್ಕೆ ಅಂಕ ಹಾಕುತ್ತಾರೆ. ನಾಲ್ಕಕ್ಕಿಂತ ಹೆಚ್ಚು ಬಂದರೆ ಮೊದಲು ತಪಾಸಣೆಗೆ ಹೋಗಬೇಕು. ಅವರು ಬಾಗಿಲಿಗೆ ಬಂದಾಗ "ನಮಗೇನ ಆಗೇತ್ರೀ ಅಕ್ಕಾರ" ಎಂದು ಹಿಂದೆ ಕಳಿಸಬೇಡಿ.

ಗುಳಿಗೆಯ ಆಯ್ಕೆಯಲ್ಲೂ ಜಗಳವಿಲ್ಲ. ಆಮ್ಲೋಡಿಪಿನ್‌ನಂಥವು, ಟೆಲ್ಮಿಸಾರ್ಟನ್ ಅಥವಾ ಎನಲಪ್ರಿಲ್‌ನಂಥವು, ಮೂತ್ರ ಹೆಚ್ಚಿಸುವ ಕ್ಲೋರ್‌ಥ್ಯಾಲಿಡೋನ್‌ನಂಥವು: ಜಗತ್ತಿನ ಕೈಪಿಡಿಗಳೆಲ್ಲ ಹೇಳುವುದು ಈ ಮೂರು ಗುಂಪುಗಳನ್ನೇ. ಮೂರೂ ಹಳೆಯವು, ಅಗ್ಗದವು. ಒಂದನ್ನೇ ಹೆಚ್ಚು ಕೊಡುವುದಕ್ಕಿಂತ ಎರಡನ್ನು ಸ್ವಲ್ಪ ಸ್ವಲ್ಪ ಸೇರಿಸಿ ಒಂದೇ ಗುಳಿಗೆಯಾಗಿ ಕೊಡುವುದು ಮೇಲೆಂಬುದು ಇಂದಿನ ಒಲವು. ಭಾರತದಲ್ಲೇ 1,981 ಮಂದಿಯ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನ, ಹೀಗೆ ಜೋಡಿಸಿದ ಮೂರು ಬಗೆಯ ಗುಳಿಗೆಗಳೂ ಸಮಸಮ ಕೆಲಸ ಮಾಡಿ ಸುಮಾರು ಶೇಕಡಾ 70 ಜನರನ್ನು 140/90ರ ಕೆಳಗೆ ತಂದವೆಂದು ತೋರಿಸಿತು. ಬಸುರಿಯರಿಗೆ ಇವುಗಳಲ್ಲಿ ಕೆಲವು ವರ್ಜ್ಯ. ಅವರ ಚಿಕಿತ್ಸೆಯೇ ಬೇರೆ.

ಉಪ್ಪಿನ ಮಾತು

ಎಲ್ಲ ಪುಸ್ತಕಗಳೂ ಒಪ್ಪುವ ಇನ್ನೊಂದು ಮದ್ದು ಅಡುಗೆಮನೆಯಲ್ಲಿದೆ. ದಿನಕ್ಕೆ 5 ಗ್ರಾಂ ಉಪ್ಪು ಸಾಕು, ಅಂದರೆ ಒಂದು ಚಹಾ ಚಮಚ. ನಾವು ತಿನ್ನುವುದು ಸುಮಾರು 8 ಗ್ರಾಂ. ಜೋಳದ ರೊಟ್ಟಿ ತಾನಾಗಿ ನಿರ್ದೋಷಿ. ಅದರ ಸುತ್ತ ಸೇರುವ ಉಪ್ಪಿನಕಾಯಿ, ರಂಜಕ, ಹಪ್ಪಳ, ಸಂಡಿಗೆ, ಸಂತೆಯಲ್ಲಿ ತಿನ್ನುವ ಚುರುಮುರಿ, ಮಿರ್ಚಿ ಭಜಿ, ಖಾರದ ಶೇವು ಇವು ಉಪ್ಪಿನ ದಾರಿ. ಬಿಡಬೇಕೆಂದಿಲ್ಲ. ದಿನವೂ ಬೇಡ, ತಾಟಿನ ಮೂಲೆಯಲ್ಲಿ ಬೇರೆಯಾಗಿ ಉಪ್ಪು ಬಡಿಸುವುದಂತೂ ಬೇಡವೇ ಬೇಡ. ಮನೆಯ ಪುಂಡಿಪಲ್ಯ, ಬೇಳೆ, ಹಸಿ ಸೌತೆ, ಗಜ್ಜರಿ, ಮೆಂತ್ಯ ಸೊಪ್ಪು ಧಾರಾಳ ತಿನ್ನಿರಿ.

ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಾಲು ಭಾಗ ಪೊಟ್ಯಾಸಿಯಂ ಲವಣ ಬೆರೆಸಿದ ಉಪ್ಪು ಬಳಸಿದ ಹಳ್ಳಿಗಳಲ್ಲಿ ಪಾರ್ಶ್ವವಾಯು ಶೇಕಡಾ 14ರಷ್ಟು ತಗ್ಗಿತು. ಅಂಥ ಉಪ್ಪು ನಮ್ಮಲ್ಲೂ ಸಿಗುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು.

136ರ ಲೆಕ್ಕ

ಹಾಗಾದರೆ ನಮ್ಮ 136/86ರ ರೈತನಿಗೆ ಏನು ಹೇಳುವುದು? ಕಾಲಿನ ಗಾಯ ಮಾಗಿದ ಮೇಲೆ ಇನ್ನೆರಡು ದಿನ ಸಮಾಧಾನದಿಂದ ಅಳೆಸಿಕೊಳ್ಳಲಿ. ರಕ್ತದ ಸಕ್ಕರೆ, ಕೊಬ್ಬು, ಮೂತ್ರಪಿಂಡದ ಪರೀಕ್ಷೆ ಒಮ್ಮೆ ಆಗಲಿ. ಎಲ್ಲವೂ ಸರಿಯಿದ್ದು, ತಂಬಾಕಿನ ಚಟವಿಲ್ಲದಿದ್ದರೆ ಉಪ್ಪು ಇಳಿಸಿ, ಸೊಂಟ ಕರಗಿಸಿ, ಮೂರು ತಿಂಗಳ ಮೇಲೆ ಮತ್ತೆ ಬರಲಿ. ಟ್ರ್ಯಾಕ್ಟರಿನ ಮೇಲೆ ಕೂತದ್ದು ದುಡಿಮೆಯೆಂದು ಲೆಕ್ಕ ಹಾಕದೆ ದಿನಕ್ಕೆ ಅರ್ಧ ತಾಸು ಬಿರುಸಾಗಿ ನಡೆಯಲಿ. ಸಕ್ಕರೆ ಕಾಯಿಲೆ ಕಂಡರೆ, ಈ ಮೊದಲೇ ಹೃದಯಾಘಾತವೋ ಲಕ್ವಾವೋ ಆಗಿದ್ದರೆ ಇದೇ ಅಂಕಿಗೆ ಗುಳಿಗೆಯ ಮಾತು ಬರುತ್ತದೆ. ಹಲವು ದಿನ ಅಳೆದರೂ 140 ದಾಟಿಯೇ ಇದ್ದರೆ ವಾದಕ್ಕೆ ಜಾಗವಿಲ್ಲ, ಗುಳಿಗೆ ಶುರುಮಾಡುವುದೇ ಲೇಸು.

ಅವನ ತಾಯಿಗೆ ಎಂಬತ್ತೆರಡು ವರ್ಷವಾಗಿ, ಒತ್ತಡ 165 ಇದ್ದರೆ? ವಯಸ್ಸಾಯಿತೆಂದು ಬಿಡಬಾರದು. ಎಂಬತ್ತು ದಾಟಿದ 3,845 ಮಂದಿಯ ಮೇಲೆ ನಡೆದ, 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 150/80ರ ಗುರಿಯಿಟ್ಟು ಚಿಕಿತ್ಸೆ ಕೊಟ್ಟಾಗ ಸಾವು ಐದರಲ್ಲೊಂದು ಪಾಲು ತಗ್ಗಿತ್ತು. ಆದರೆ ಮೆಲ್ಲಗೆ ಇಳಿಸಬೇಕು. ಕೂತಾಗಲೂ ಅಳೆಯಬೇಕು, ಎದ್ದು ನಿಂತ ಮೇಲೂ ಅಳೆಯಬೇಕು. ನಿಂತಾಗ ಅಂಕಿ ಕುಸಿದು ತಲೆ ತಿರುಗಿ ಬಿದ್ದು ಸೊಂಟದ ಎಲುಬು ಮುರಿದರೆ ಚಿಕಿತ್ಸೆಯ ಲಾಭವೆಲ್ಲ ಒಂದೇ ಏಟಿಗೆ ಹೋಯಿತು.

ಮುಂದಿನ ಸಲ ದವಾಖಾನೆಗೆ ಹೋದಾಗ ಓದುಗರು ವೈದ್ಯರನ್ನು ಮೂರು ಮಾತು ಕೇಳಿರಿ: ನನ್ನ ಅಂಕಿ ಎಷ್ಟು? ನನ್ನ ಗುರಿ ಎಷ್ಟು? ಆ ಗುರಿ ನನಗೇ ಏಕೆ? ಉತ್ತರವನ್ನು ಚೀಟಿಯ ಮೇಲೆ ಬರೆಸಿಕೊಂಡು ಹಳೆಯ ಚೀಟಿಗಳ ಜೊತೆ ಒಂದೇ ಚೀಲದಲ್ಲಿಡಿ. ಗುಳಿಗೆಯಿಂದ ಕಾಲು ಬಾತರೆ, ಒಣಕೆಮ್ಮು ಬಂದರೆ, ತಲೆಸುತ್ತಿದರೆ ನಿಲ್ಲಿಸಿ ಮನೆಯಲ್ಲಿ ಕೂರಬೇಡಿ. ಹೋಗಿ ಹೇಳಿರಿ, ಬದಲಿಸಿ ಕೊಡುತ್ತಾರೆ. ಇನ್ನು ನಾಲ್ಕು ದಿನಕ್ಕೆ ಗುಳಿಗೆ ಮುಗಿಯುತ್ತದೆ ಎನ್ನುವಾಗಲೇ ಮುಂದಿನ ತಿಂಗಳಿನದನ್ನು ತಂದಿಡಿ.